ಶಂಕ್ರವ್ವ ತಂದ ದೊಡ್ಡ ಮಷಿನ್

ಹೊಳೆಮಣ್ಣೂರಿನ ಶಂಕ್ರವ್ವಗ ಯಾರರ "ನಿಂದು ಸಣ್ಣದು" ಅಂದ್ರ ಮುಗೀತು, ಅವತ್ತಿನ ಊಟ ಆಕಿಗೆ ಸೇರೂದಿಲ್ಲ. ಎಮ್ಮಿ ಸಣ್ಣದು ಅನ್ರಿ, ರೊಟ್ಟಿ ಸಣ್ಣದು ಅನ್ರಿ, ಎಲ್ಲಾದಕ್ಕೂ ಜಗಳ. ಹೊಲದ ಮಾತು ತಗದ್ರಂತೂ ದೇವರ ಕಾಪಾಡಬೇಕು. ಖರೇ ಹೇಳಬೇಕಂದ್ರ ಆಕಿ ಹೊಲ ಸಣ್ಣದ ಇತ್ತು. ಅಣ್ಣತಮ್ಮಂದ್ರು ಪಾಲು ಹಂಚ್ಕೊಂಡ ಮ್ಯಾಲ ಗಂಡ ಹಾಲಸಿದ್ದಪ್ಪನ ಪಾಲಿಗೆ ಬಂದದ್ದು ಉದ್ದಕ ಒಂದು ಪಟ್ಟಿ. ಆ ತುದಿಗೆ ನಿಂತು ಕೂಗಿದ್ರ ಈ ತುದಿಗೆ ಕೇಳೂದಿಲ್ಲ, ಅಷ್ಟು ಉದ್ದ. ಅಗಲ ಮಾತ್ರ ಎಷ್ಟಿತ್ತಂದ್ರ, ಒಂದು ಬದುವಿನ ಮ್ಯಾಲ ಕುಂತವರು ಇನ್ನೊಂದು ಬದುವಿನವರ ಕೂಡ ದನಿ ಏರಸದ ಮಾತಾಡಬಹುದಿತ್ತು. ಒಂದು ಮಗ್ಗಲಿಗೆ ಬಂಡಿದಾರಿ, ಇನ್ನೊಂದು ಮಗ್ಗಲಿಗೆ ಮುಮತಾಜಬಿಯ ಹೊಲ.

ಇಂಥಾ ಶಂಕ್ರವ್ವ ಗಂಡನ್ನ ಕರ್ಕೊಂಡು ರೋಣದ ಪ್ಯಾಟಿಗೆ ಗೊಬ್ಬರ ಉಗ್ಗೋ ಮಷಿನ್ ತರಾಕ ಹೋದ್ಲು. ಮನ್ಯಾಗ ಸಣ್ಣ ಟ್ರ್ಯಾಕ್ಟರ್ ಇತ್ತು, ಅದರ ಹಿಂದ ಕಟ್ಟಬೇಕು. ಮೊಬೈಲಿನಾಗ ನೋಡಿದ್ಲು ನೋಡ್ರಿ, ಡಬ್ಬ್ಯಾಗ ಗೊಬ್ಬರ ಸುರುವಿದ್ರ ಕೆಳಗಿನ ತಾಟು ಗರಗರ ತಿರುಗಿ ಮಳಿ ಹಂಗ ಒಗೀತಿತ್ತು. ಅವತ್ತಿಂದ ಆಕಿಗೆ ನಿದ್ದಿ ಇಲ್ಲ.

ಅಂಗಡಿ ರಫೀಕಂದು. ಮುಂದ ಎರಡು ಮಷಿನ್ ನಿಲ್ಲಿಸಿದ್ದ. ಒಂದು ಹಳದಿ ಪ್ಲಾಸ್ಟಿಕ್ಕಿಂದು, ಸಣ್ಣದು, ಗಾಲಿ ತಿರುಗಿದಂಗ ತಾಟು ತಿರುಗೋದು. ಇನ್ನೊಂದು ಕೆಂಪು ಬಣ್ಣದ ಕಬ್ಬಿಣದ್ದು, ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿಗೆ ಹಾಕೋದು, ನೋಡಿದ್ರನ ಎದಿ ಉಬ್ಬಬೇಕು ಹಂಗಿತ್ತು.

"ಹೊಲದ ಅಗಲ ಎಷ್ಟೈತ್ರಿ ಅಕ್ಕಾರ?" ಅಂದ ರಫೀಕ.

"ಯಾಕ? ಮಷಿನ್ ಕೇಳಾಕ ಬಂದೀನಿ, ಹೊಲ ಮಾರಾಕಲ್ಲ."

"ಹಂಗಲ್ರಿ. ಅಗಲ ಕಡಿಮಿ ಇದ್ರ ಈ ಸಣ್ಣದ ಚಲೋ. ಆ ಕೆಂಪಂದು ಭಾಳ ದೂರ ಒಗೀತೈತಿ, ದೊಡ್ಡ ಹೊಲದವ್ರಿಗೆ ಅದು. ಇದಕ್ಕ ಇಲ್ಲಿ ಮಗ್ಗಲಿಗೆ ತಗಡ ಐತಿ ನೋಡ್ರಿ, ಬದುವಿನ ಕಡಿ ಇದನ್ನ ಇಳಿಸಿದ್ರ ಗೊಬ್ಬರ ಆಚೆ ಹೋಗೂದಿಲ್ಲ."

ಮಾತು ಬರೋಬ್ಬರಿ ಇತ್ತು. ಆದ್ರ ಅಂಗಡ್ಯಾಗ ಮಂದಿ ಇದ್ರು. ಗಜೇಂದ್ರಗಡದ ಕಡಿಯಾಂವ ಒಬ್ಬ, ಬಿಳೇ ಅಂಗಿ ಹಾಕ್ಕೊಂಡಾಂವ, ಅದ ಕೆಂಪು ಮಷಿನ್ ಮ್ಯಾಲ ಕೈ ಆಡಿಸ್ಕೋತ ನಿಂತಿದ್ದ. ಆಂವ ಈ ಕಡಿ ನೋಡಿ ಸಣ್ಣಗ ನಕ್ಕ. ನಕ್ಕನೋ, ಹಲ್ಲಾಗ ಅಡಿಕಿ ಸಿಕ್ಕಿತ್ತೋ, ದೇವರಿಗೇ ಗೊತ್ತು. ಶಂಕ್ರವ್ವನ ಕಿವಿ ಕೆಂಪಗಾದ್ವು.

"ನಮ್ಮ ಹೊಲ ಸಣ್ಣದಂತ ನಿನಗ್ಯಾರು ಹೇಳಿದ್ರೋ? ಬಂದು ಅಳದೀ ಏನು? ಕೆಂಪಂದ ಕಟ್ಟು!"

ಹಾಲಸಿದ್ದಪ್ಪ ಹೆಂಡತಿ ಕಿವ್ಯಾಗ "ಆಂವ ಹೇಳೂದ್ರಾಗ ತಪ್ಪಿಲ್ಲ..." ಅಂತ ಶುರು ಮಾಡಿದ. ಆಕಿ ಒಮ್ಮೆ ತಿರುಗಿ ನೋಡಿದ್ಲು. ಆಂವ ಮಾತು ನುಂಗಿ ಹಗ್ಗ ಹುಡಕಾಕ ಹೋದ. ಪಾಪ, ಆಂವನ ಸಂಸಾರೆಲ್ಲಾ ಹಿಂಗ ಹಗ್ಗ ಹುಡುಕೂದ್ರಾಗ ಹೋಗೇತಿ.

ಮಷಿನ್ ಊರಿಗೆ ಬಂತು. ಹೂವಿನ ಮಾಲಿ ಹಾಕಿದ್ರು, ಕಾಯಿ ಒಡದ್ರು. ಸೀದಾ ಮನಿಗೆ ಬರಾಕ ದಾರಿ ಇದ್ರೂ ಶಂಕ್ರವ್ವ ಊರ ನಡುವ ಹಾದು ಬಾ ಅಂದ್ಲು.

ಈಗ ಮುಮತಾಜಬಿ ಬಗ್ಗೆ ಹೇಳಬೇಕು. ಗಂಡ ತೀರ್ಕೊಂಡ ಮ್ಯಾಲ ತನ್ನ ಪಟ್ಟಿ ತಾನ ಮಾಡ್ಕೊಂಡು, ಉಳಿದ ದಿನ ಮಂದಿ ಹೊಲಕ್ಕ ಕೂಲಿಗೆ ಹೋಗಿ ಬಾಳೇವು ಮಾಡೋಳು. ಆಕಿ ಕೈ ಊರಿಗೇ ಹೆಸರುವಾಸಿ. ಉಡ್ಯಾಗ ಗೊಬ್ಬರ ತುಂಬ್ಕೊಂಡು, ಹೆಜ್ಜಿಗೊಮ್ಮೆ ಮುಷ್ಟಿ ಬೀಸಿದ್ಲಂದ್ರ ಜರಡಿ ಹಿಡಿದಂಗ ಸಮ ಬೀಳ್ತಿತ್ತು. ಶಂಕ್ರವ್ವಂದು ಆಕಿದು ಮುಯ್ಯಿ. ಅಂದ್ರ ನನ್ನ ಹೊಲಕ್ಕ ನೀ ಬಾ, ನಿನ್ನ ಹೊಲಕ್ಕ ನಾ ಬರ್ತೀನಿ, ಕೂಲಿ ಮಾತಿಲ್ಲ. ಮದುವಿಯಾಗಿ ಬಂದಾಗಿಂದ ಹಿಂಗ ನಡದಿತ್ತು. ಇನ್ನೊಂದು ಮಾತು ಐತಿ. ಚೀಲದ ಹಂತ್ಯಾಕ ಮುಮತಾಜಬಿ ಕುಂತಾಳಂದ್ರ ಹೊಲದ ಮಾಲಕ ಮನಿಗೆ ಹೋಗಿ ಅಡ್ಡಾಗಬಹುದಿತ್ತು, ಒಂದು ಕಾಳು ಆಚೀಚಿ ಆಗ್ತಿದ್ದಿಲ್ಲ. ಅಷ್ಟು ನಂಬಿಗಿ. ಊರಾಗ ಗೊಬ್ಬರದ ಕೆಲಸ ಬಂತಂದ್ರ ಮೊದಲ ಆಕೀನ್ನ ಕರಿಯವ್ರು.

ಗೋವಿನಜ್ವಾಳ ಮೊಣಕಾಲಿಗೆ ಬಂದಿತ್ತು, ಯೂರಿಯಾ ಹಾಕೋ ಹೊತ್ತು. ಆ ವರ್ಷ ಯೂರಿಯಾ ಸಿಗೂದ ಕಷ್ಟ, ಮಂದಿ ಸೊಸೈಟಿ ಮುಂದ ಚಪ್ಪಲಿ ಸಾಲಿಗೆ ಇಟ್ಟು ನಿಂತಿದ್ರು. ಶಂಕ್ರವ್ವ ಮುಮತಾಜಬೀನ್ನ ಹೊಲದ ತುದಿಗೆ ಬನ್ನಿ ಗಿಡದ ಕೆಳಗ ಚೀಲದ ಹಂತ್ಯಾಕ ಕುಂದರಿಸಿದ್ಲು.

"ಇನ್ನ ಮ್ಯಾಲ ನಿನ್ನ ಕೈಗೆ ಕೆಲಸಿಲ್ಲವ್ವ ಮುಮತಾಜ. ಮಷಿನ್ ಬಂದೈತಿ. ನೀ ಸುಮ್ಮ ಚೀಲ ನೋಡ್ಕೊಂಡು ಕುಂದ್ರು," ಅಂದು ನಕ್ಕಳು. ಮುಮತಾಜಬಿನೂ ನಕ್ಕಳು, ಆದ್ರ ಕೈ ಎರಡೂ ತೊಡಿ ಮ್ಯಾಲ ಇಟ್ಕೊಂಡು, ಏನು ಮಾಡಬೇಕು ತಿಳೀದಂಗ ಕುಂತ್ಲು.

ಹಾಲಸಿದ್ದಪ್ಪ ಟ್ರ್ಯಾಕ್ಟರ್ ಬಿಟ್ಟ. ಮಷಿನ್ ಗುಂಯ್ ಅಂತು. ಹೊತ್ತೇರೂದ್ರಾಗ ಕೆಲಸ ಮುಗೀತು. ಆದ್ರ ಪ್ರತಿ ವರ್ಷ ಒಂದು ಚೀಲ ಉಳೀತಿತ್ತು, ಈ ಸಲ ಉಳೀಲಿಲ್ಲ. "ಅರೇ, ಎಲ್ಲಿ ಹೋತದು?" ಅಂದ್ಲು ಶಂಕ್ರವ್ವ. ಆ ಮಾತು ಅಲ್ಲೇ ಬಿತ್ತು, ಆದ್ರ ಆಕಿ ತಲ್ಯಾಗಿಂದ ಹೋಗಲಿಲ್ಲ.

ಮಳಿ ಬಂತು, ಬಿಸಲು ಬಿತ್ತು. ಬ್ಯಾರೇದವ್ರ ಜ್ವಾಳ ಕರ್ರಗ ಎದ್ದು ನಿಂತ್ವು. ಶಂಕ್ರವ್ವನ ಹೊಲ ಮಾತ್ರ ಜಡ್ಡಾದ ಮಗುವಿನ ಮುಖದಂಗ ಬಿಳಿಚಿ, ಮೊಣಕಾಲಿಗೆ ನಿಂತದ್ದು ಅಲ್ಲೇ ನಿಂತಿತ್ತು. ಬದುವಿನ ಆಚೆ ಮುಮತಾಜಬಿಯ ಜ್ವಾಳ ಎದಿಮಟ ಬಂದು ಗಾಳಿಗೆ ಸರಸರ ಅಂತಿತ್ತು. ಅದೂ ಬದುವಿಗೆ ಹತ್ತಿದ ಸಾಲು ಭಾಳ ಜೋರು. ಹಂಗ ನೋಡಿದ್ರ ಈ ಕಡಿ ಬಂಡಿದಾರಿ ಹುಲ್ಲೂ ಆ ವರ್ಷ ಸೊಕ್ಕಿ ಬೆಳದಿತ್ತು. ಆದ್ರ ಹುಲ್ಲ ಯಾರು ನೋಡ್ತಾರ? ಹೊಟ್ಟಿಕಿಚ್ಚಿಗೆ ಮಂದಿ ಬೆಳಿ ಅಷ್ಟ ಕಾಣ್ತೈತಿ.

ಶಂಕ್ರವ್ವ ಗಿರಣಿಗೆ ಹಿಟ್ಟು ಬೀಸಾಕ ಹೋದ್ಲು. ಗಿರಣಿ ಗದ್ದಲದಾಗ ಮಗ್ಗಲ ಮನಿ ತಿಪ್ಪವ್ವನ ಕಿವಿಗೆ ಬಾಯಿ ಹಚ್ಚಿ ಹೊಯ್ಕೋತ ಹೇಳಾಕತ್ತಿದ್ಲು. ಆಗ ಕರೆಂಟ್ ಹೋತು. ಗಿರಣಿ ಗಪ್ಪಂತ ನಿಂತ್ತು. ಶಂಕ್ರವ್ವನ ಬಾಯಿ ನಿಲ್ಲಲಿಲ್ಲ.

"ಚೀಲ ಕಾಯಾಕ ಕುಂದರಿಸಿದ್ರ ಚೀಲಾನ ಹೊಡಕೊಂಡ್ಲು ಮುಮತಾಜಬಿ!"

ಅಷ್ಟೂ ಮಂದಿ ತಿರುಗಿ ನೋಡಿದ್ರು. ಆಗರ "ಅಯ್ಯ, ಹಂಗಲ್ಲ, ಸಂಶಯ ಅಂದೆ" ಅಂದಿದ್ರ ಮುಗೀತಿತ್ತು. ಅನ್ನಬೇಕಂತ ಆಕಿಗೂ ಅನಿಸ್ತು, ಖರೇ ಅನಿಸ್ತು. ಆದ್ರ ಅಷ್ಟು ಕಣ್ಣಿನ ಮುಂದ ಮಾತು ಹಿಂದ ತಗೊಂಡ್ರ ತಾನು ಸಣ್ಣಾಕಿ ಆಗಂಗಿಲ್ಲೇನು? ಅದಕ್ಕ ಗದ್ದ ಎತ್ತಿ, "ಹೌದು, ಅಂದೀನಿ. ಆಕಿ ಬೆಳಿ ನೋಡ್ರಿ, ನನ್ನ ಬೆಳಿ ನೋಡ್ರಿ," ಅಂದುಬಿಟ್ಲು.

"ನೀ ಕಂಡೀಯೇನು? ಚೀಲ ಕೈಗೆ ಸಿಕ್ಕೈತೇನು?" ಅಂದ್ಲು ತಿಪ್ಪವ್ವ.

"ಸಿಗ್ತೈತಿ."

ಮರುದಿನ ಮುಮತಾಜಬಿ ಬದುವಿಗೆ ಬಂದು ನಿಂತ್ಲು. "ನೀ ಅಂದೀಯಂತ. ಖರೇನು?"

"ಕಂಡದ್ದನ್ನ ಅಂದೀನಿ."

"ಏನು ಕಂಡಿ?"

"ನಿನ್ನ ಬೆಳಿ ಕಂಡೀನಿ."

ಮುಮತಾಜಬಿ ತನ್ನ ಬೆಳಿ ತಿರುಗಿ ನೋಡಿದ್ಲು. ಆಕಿಗೂ ತಿಳೀಲಿಲ್ಲ ಇಷ್ಟು ಯಾಕ ಬೆಳದೈತಿ ಅಂತ. ಹಂಗ ತಿರುಗಿ ಹೋದ್ಲು. ಅವತ್ತಿಂದ ಊರಾಗ ಗೊಬ್ಬರದ ಕೆಲಸಕ್ಕ ಆಕೀನ್ನ ಯಾರೂ ಕರೀಲಿಲ್ಲ. ಬಾಯಿ ಬಿಟ್ಟು ಯಾರೂ ಕಳ್ಳಿ ಅನ್ನಲಿಲ್ಲ, "ಈ ಸಲ ಬ್ಯಾಡವ್ವ" ಅಂದ್ರು ಅಷ್ಟ. ಆಕಿ ಮುಂಜಾನೆದ್ದು ಬುತ್ತಿ ಕಟ್ಕೊಂಡು, ಗುರುತಿಲ್ಲದ ಮಂದಿ ಹೊಲಕ್ಕ ಶಿರೋಳದ ಕಡಿ ಕೂಲಿಗೆ ಹೋಗಾಕತ್ತಿದ್ಲು.

ಎರಡನೇ ಸಲ ಯೂರಿಯಾ ಹಾಕೋ ದಿನ ಬಂತು. ಶಂಕ್ರವ್ವ ಗಂಡಗ "ನೀ ಶುರು ಮಾಡು, ನಾ ಮಜ್ಜಿಗಿ ತರ್ತೀನಿ" ಅಂದು ಹೊಂಟ್ಲು. ಮಜ್ಜಿಗಿನೂ ಇಲ್ಲ ಗಿಜ್ಜಿಗಿನೂ ಇಲ್ಲ. ಮುಮತಾಜಬಿ ಹೊಲದಾಗ ಒಂದು ಗುಡಿಸಲ ಇತ್ತು. ಶಂಕ್ರವ್ವ ತನ್ನ ಚೀಲಕ್ಕೆಲ್ಲಾ ಹಳೇ ಸೀರಿಯ ಕೆಂಪು ಚುಂಗು ಕಟ್ಟಿ ಗುರುತು ಮಾಡ್ತಿದ್ಲು. ಖಾಲಿ ಚೀಲ ಆ ಗುಡಿಸಲದಾಗ ಸಿಕ್ರ ತಿಪ್ಪವ್ವನ ಬಾಯಿ ಮುಚ್ಚಬಹುದು. ಅದಕ್ಕ ಬದು ದಾಟಿ, ಎದಿಮಟದ ಜ್ವಾಳದಾಗ ಬಗ್ಗಿ, ನರಿ ನುಸುಳಿದಂಗ ನುಸುಳಿದ್ಲು. ಎಂಥಾ ವ್ಯಾಳ್ಯಾ ನೋಡ್ರಿ, ಮಂದೀನ್ನ ಕಳ್ಳಿ ಅಂದಾಕಿ ಮಂದಿ ಹೊಲದಾಗ ಅಡಗಿಕೊಂಡು ಹೋಗಾಕತ್ತಿದ್ಲು.

ಗುಡಿಸಲ ಇನ್ನೂ ದೂರ ಇತ್ತು. ಹಿಂದ ಮಷಿನ್ ಗುಂಯ್ ಅಂದದ್ದು ಕೇಳ್ತು. ಆಮ್ಯಾಲ ತಲಿ ಮ್ಯಾಲ, ಬೆನ್ನ ಮ್ಯಾಲ, ಸುತ್ತಲ ಎಲಿ ಮ್ಯಾಲ ಚಟಚಟ ಚಟಚಟ. ಆಣೇಕಲ್ಲಿನ ಮಳಿ ಅಂದ್ಕೊಂಡ್ಲು. ಮ್ಯಾಲ ನೋಡಿದ್ರ ಬಿಸಲು. ಕೊಳ್ಳಾಗ ಬಿದ್ದ ಒಂದು ಕಾಳು ತಗದು ಅಂಗೈ ಮ್ಯಾಲ ಇಟ್ಕೊಂಡ್ಲು. ಬೆಳ್ಳಗ, ಸಾಸಿವಿಗಿಂತ ದೊಡ್ಡದು.

ಯೂರಿಯಾ.

ಎಲಿ ಸಂದ್ಯಾಗ ನೋಡಿದ್ಲು, ಯೂರಿಯಾ. ನೆಲ ನೋಡಿದ್ಲು, ಸಾಲಿನಗುಂಟ ಬಿಳೇ ಕಾಳು. ಆಕಿ ಮಷಿನ್, ಆಕಿ ದೊಡ್ಡ ಕೆಂಪು ಮಷಿನ್, ಬದುವಿನ ಆಚಿಂದ ಇಲ್ಲಿಮಟ ಒಗ್ಯಾಕತ್ತಿತ್ತು. ಹೋದ ಚೀಲ ಎಲ್ಲಿ ಹೋಗಿತ್ತು ಅನ್ನೂದು ಈಗ ತಿಳೀತು. ಬಂಡಿದಾರಿ ಹುಲ್ಲು ಯಾಕ ಸೊಕ್ಕಿತ್ತು ಅನ್ನೂದೂ ತಿಳೀತು.

ತಿಳಿದ ಮ್ಯಾಲ ಎದ್ದು ಬರಬೇಕಿಲ್ಲೋ? ಆದ್ರ ಸಾಲಿಗೆ ನಿಂತು ತಂದ ಗೊಬ್ಬರ, ಜೀವ ಕೇಳಬೇಕಲ್ಲ. "ಅಯ್ಯ ಶಿವನ, ನನ್ನ ಗೊಬ್ಬರ!" ಅಂದು ಸೀರಿ ಸಿಗಿಸಿ ಉಡಿ ಮಾಡಿ, ನೆಲದ ಮ್ಯಾಲಿಂದ, ಎಲಿ ಸಂದ್ಯಾಗಿಂದ ಬಳಿಬಳಿದು ತುಂಬ್ಕೊಳ್ಳಾಕತ್ತಿದ್ಲು. ಹಂಗ ಬಗ್ಗಿದಾಕಿ ಕಣ್ಣಿಗೆ ಎರಡು ಪಾದ ಬಿದ್ವು. ಮಣ್ಣು ಮೆತ್ತಿದ ಪಾದ. ಆ ಪಾದ ಆಕಿಗೆ ಗುರುತಿದ್ವು.

ಅವತ್ತ ಕೂಲಿಗೆ ಹೋಗದ ಉಳಿದಿದ್ದ ಮುಮತಾಜಬಿ ತಲಿ ಮ್ಯಾಲ ಹುಲ್ಲಿನ ಹೊರಿ ಹೊತ್ಕೊಂಡು ನಿಂತಿದ್ಲು. ಶಂಕ್ರವ್ವನ ಮುಖ ನೋಡಿದ್ಲು. ತುಂಬಿದ ಉಡಿ ನೋಡಿದ್ಲು. ಅಷ್ಟ್ರಾಗ ಟ್ರ್ಯಾಕ್ಟರ್ ಮತ್ತೊಮ್ಮೆ ಹಾದು ಹೋತು, ಆಕಿ ಹುಲ್ಲಿನ ಹೊರಿ ಮ್ಯಾಲೂ ಕಾಳು ಚಟಚಟ ಬಿದ್ವು. ಬದುವಿನ ಕಡಿ ತಿರುಗಿ ಭಾಳ ಹೊತ್ತು ನೋಡಿದ್ಲು. ಆಕಿಗೂ ಎಲ್ಲಾ ತಿಳೀತು.

ಈ ಜ್ವಾಳದ ಸಾಲಿನಾಗ ಶಂಕ್ರವ್ವಗ ನೆಲ ಬಾಯಿ ಬಿಟ್ಟು ತನ್ನನ್ನ ನುಂಗಬಾರದಾ ಅನಿಸ್ತು.

"ತುಂಬ್ಕೊಂಡು ಹೋಗವ್ವ," ಅಂದ್ಲು ಮುಮತಾಜಬಿ. ದನಿ ಏರಸಲಿಲ್ಲ. "ನಿಂದ ಐತಿ. ಬಿದ್ದದ್ದಷ್ಟೂ ತುಂಬ್ಕೊಂಡು ಹೋಗು. ನಾ ನಿನ್ನ ಕಳ್ಳಿ ಅನ್ನೂದಿಲ್ಲ."

ಹೊರಿ ಸರಿ ಮಾಡ್ಕೊಂಡು ಗುಡಿಸಲದ ಕಡಿ ಹೋದ್ಲು. ಬೈದಿದ್ರ ಚಲೋ ಇತ್ತು. ಕುಡಗೋಲು ಎತ್ತಿದ್ರೂ ಚಲೋ ಇತ್ತು.

ಶಂಕ್ರವ್ವ ಉಡಿ ಬಿಚ್ಚಿ ಅಲ್ಲೇ ಸುರುವಿ, ಓಡಿ ಬಂದು ಟ್ರ್ಯಾಕ್ಟರಿನ ಮುಂದ ಕೈ ಚಾಚಿ ನಿಂತ್ಲು. "ಬಂದ್ ಮಾಡೋ, ನಿನ್ನ ಕಾಲ ಬೀಳ್ತೀನಿ, ಬಂದ್ ಮಾಡು!" ಹಾಲಸಿದ್ದಪ್ಪ ಹೆದರಿ ಇಳದ. ಎಲ್ಲಾ ಕೇಳಿದ ಮ್ಯಾಲ ಭಾಳ ಹೊತ್ತು ತಲಿ ಕೆರಕೊಂಡು, "ಯಾರೂ ನೋಡಿಲ್ಲಲ್ಲ. ಸಂಜಿಗೆ ಆಕಿ ಮನಿಗೆ ಹೋಗಿ ತಪ್ಪಾತು ಅಂದುಬಿಡು. ಮುಮತಾಜಬಿ ಮಂದಿಗೆ ಹೇಳೋಳಲ್ಲ," ಅಂದ.

ಅದ ಕೆಟ್ಟದ್ದು. ಆಕಿ ಹೇಳೋಳಲ್ಲ ಅನ್ನೂದು ಶಂಕ್ರವ್ವಗೂ ಗೊತ್ತಿತ್ತು. ಎರಡು ದಿನ ಆ ಗುಟ್ಟಿನ ನೆಳ್ಳಾಗ ಕುಂತು ನೋಡಿದ್ಲು. ರೊಟ್ಟಿ ಬಡಿಯಾಗ ಮುಂಜಾನಿ ಬಾಗಲಾಗಿಂದ ಕಾಣ್ತಿತ್ತು, ಮುಮತಾಜಬಿ ಬುತ್ತಿ ಹಿಡ್ಕೊಂಡು, ಊರ ಮಂದಿ ಮುಖ ನೋಡದ, ಶಿರೋಳದ ದಾರಿ ಹಿಡಿಯೋದು. ಮೂರನೇ ದಿನ ರೊಟ್ಟಿ ಹಂಚಿನ ಮ್ಯಾಲ ಹೊತ್ತಿದ್ರೂ ಶಂಕ್ರವ್ವಗ ಗೊತ್ತಾಗಲಿಲ್ಲ.

ಹಿಟ್ಟಿನ ಡಬ್ಬಿ ತುಂಬೇ ಇತ್ತು. ಆದ್ರೂ ಬುಟ್ಟಿ ಹೊತ್ಕೊಂಡು ಗಿರಣಿಗೆ ಹೋದ್ಲು. ಮಂದಿ ಗಿಜಿಗಿಜಿ ಅಂತಿದ್ರು. ಗದ್ದಲದಾಗ ತಿಪ್ಪವ್ವನ ಕಿವ್ಯಾಗ ಹೇಳಿ ಬರಬಹುದಿತ್ತು, ಊರಿಗೆ ಮುಟ್ಟಸಾಕ ಅಷ್ಟ ಸಾಕು. ಬಾಯಿ ತಗದ್ಲು, ಮುಚ್ಚಿದ್ಲು. ಆಮ್ಯಾಲ ಗಿರಣಿಯಾಂವಗ ಅಂದ್ಲು:

"ಯಪ್ಪಾ, ಒಂಚೂರು ಗಿರಣಿ ಬಂದ್ ಮಾಡು."

"ಯಾಕಬೇ?"

"ಅವತ್ತ ನಾ ಅಂದಾಗ ನಿಂತಿತ್ತು. ಇವತ್ತೂ ನಿಂದ್ರಲಿ."

ಗಿರಣಿ ನಿಂತ್ತು. ಹಿಟ್ಟಿನ ಧೂಳದಾಗ ಎಲ್ಲಾರ ಮುಖ ಬೆಳ್ಳಗ ಕಾಣ್ತಿದ್ವು. "ಮುಮತಾಜಬಿ ನನ್ನ ಚೀಲ ಮುಟ್ಟಿಲ್ಲ," ಅಂದ್ಲು ಶಂಕ್ರವ್ವ. "ನನ್ನ ಮಷಿನ್ ತಾನ ನನ್ನ ಗೊಬ್ಬರ ಆಕಿ ಹೊಲಕ್ಕ ಒಗದೈತಿ. ಸಣ್ಣದು ತಗೋರಿ ಅಂತ ಅಂಗಡಿಯಾಂವ ಬಡ್ಕೊಂಡ, ನಾ ಡೌಲಿಗೆ ದೊಡ್ಡದು ತಂದೆ. ಆಕಿ ಗುಡಿಸಲದಾಗ ಚೀಲ ಹುಡಕಾಕ ಕಳ್ಳಿ ಹಂಗ ಹೋಗಿದ್ದೆ. ಗೊಬ್ಬರ ನನ್ನ ತಲಿ ಮ್ಯಾಲ ಬಿತ್ತು. ಉಡಿ ತುಂಬ್ಕೊಳ್ಳಾಗ ಆಕಿ ಕೈಯಾಗ ಸಿಕ್ಕೆ."

ಹಿಂದ ಯಾರೋ ಕಿಸಕ್ಕಂದ್ರು, ಎಲ್ಲಾರೂ ನಕ್ರು. "ತಲಿ ಮ್ಯಾಲ ಯೂರಿಯಾ ಬಿದ್ದೈತಿ, ಇನ್ನ ಕೂದಲ ಉದ್ದ ಬೆಳೀತಾವ ಬಿಡ ಶಂಕ್ರವ್ವಾ!" ಆಕಿ ನಗಿಸಿಕೊಂಡು ನಿಂತ್ಲು. ಹೊಡತ ತಿಂದಂಗ ತಿಂದ್ಲು.

ತಿಪ್ಪವ್ವ ನಗಲಿಲ್ಲ. "ಹೇಳಿದ್ದು ಚಲೋ ಆತು," ಅಂದ್ಲು. "ಆದ್ರ ಇಷ್ಟು ದಿನ ಆಕಿ ಒಲಿ ಹ್ಯಾಂಗ ಉರೀತು ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಹೊಲಕ್ಕೂ ಆಕೀನ್ನ ಬ್ಯಾಡ ಅಂದೆ ನಾ." ನಗಿ ಅಲ್ಲಿಗೆ ನಿಂತ್ತು. ಗಿರಣಿಯಾಂವ ಸುಮ್ಮ ಬಟನ್ ಒತ್ತಿದ.

ಮರುದಿನ ಮಷಿನ್ ಹೇರ್ಕೊಂಡು ರೋಣಕ್ಕ ಹೋದ್ರು. ಅಂಗಡ್ಯಾಗ ಅವತ್ತೂ ಮಂದಿ ಇದ್ರು. ರಫೀಕ ಕೆಂಪು ಮಷಿನ್ ನೋಡಿ "ಏನಾತ್ರಿ ಅಕ್ಕಾರ, ಕೆಟ್ಟೈತೇನ್ರಿ?" ಅಂದ.

"ಮಷಿನ್ ಕೆಟ್ಟಿಲ್ಲ," ಅಂದ್ಲು ಶಂಕ್ರವ್ವ. "ನಮ್ಮ ಹೊಲ ಸಣ್ಣದೈತಿ ತಮ್ಮಾ. ಮಗ್ಗಲಿಗೆ ತಗಡ ಇದ್ದದ್ದು ಕೊಡು."

ಹಾಲಸಿದ್ದಪ್ಪ ಹೆಂಡತಿ ಮುಖ ನೋಡಿದ. ಈ ಮಾತು ಆಕಿ ಬಾಯಾಗಿಂದ ಬರ್ತೈತಿ ಅಂತ ಆಂವ ಕನಸಿನಾಗೂ ಅಂದ್ಕೊಂಡಿದ್ದಿಲ್ಲ. ರಫೀಕ ಏನೂ ಆಡಿ ತೋರಸಲಿಲ್ಲ. ನರಗುಂದದ ಕಡಿ ದೊಡ್ಡ ಹೊಲದಾಂವ ಒಬ್ಬ ಇಂಥದ್ದನ್ನ ಕೇಳಿದ್ದನಂತ, ಅದನ್ನ ಇಟ್ಕೊಂಡು ಹಳದಿ ಸಣ್ಣದು ಕಟ್ಟಿ ಕೊಟ್ಟ.

ಊರ ಮಂದಿ ಮುಮತಾಜಬೀನ್ನ ಮತ್ತ ಕರ್ಯಾಕತ್ತಿದ್ರು. ಹಿಂಗಾರಿ ಬಂತು. ಶಂಕ್ರವ್ವನ ಹೊಲದಾಗ ಗೋದಿ ಎದ್ದಿತ್ತು. ಸಣ್ಣ ಮಷಿನ್ ಚಲೋ ಕೆಲಸ ಮಾಡ್ತು, ತಗಡ ಇಳಿಸಿದ್ರ ಒಂದು ಕಾಳು ಬದು ದಾಟ್ಲಿಲ್ಲ. ತಗಡಿನ ಆಚೆ ಉಳಿಯೋ ಬದುವಿಗೆ ಹತ್ತಿದ ಸಾಲು ಮಾತ್ರ ಕೈಲೆ ಉಗ್ಗಬೇಕಿತ್ತು. ಶಂಕ್ರವ್ವ ಮುಮತಾಜಬಿ ಬಾಗಲಾಗ ಹೋಗಿ ನಿಂತ್ಲು. "ಮುಯ್ಯಿ ಬರ್ತೀಯೇನವ್ವ? ಮೊದಲ ನಿನ್ನ ಹೊಲಕ್ಕ ನಾ ಬರ್ತೀನಿ," ಅಂದ್ಲು.

"ಬರ್ತೀನಿ," ಅಂದ್ಲು ಮುಮತಾಜಬಿ.

ಬಂದ್ಲು. ಉಡಿ ತುಂಬ್ಕೊಂಡು ಬದುವಿನಗುಂಟ ಹೋದ್ಲು, ಅದ ಹೆಜ್ಜಿ, ಅದ ಕೈ. ಶಂಕ್ರವ್ವ ಚೀಲದ ಹಂತ್ಯಾಕ ನಿಂತು ನೋಡಾಕತ್ತಿದ್ಲು. ಹಗೂರಕ ಎದಿ ಹಗುರಾತು. ಎಲ್ಲಾ ಮೊದಲಿನಂಗ ಆತು ಅಂದ್ಕೊಂಡ್ಲು.

ಕೆಲಸ ಮುಗಿಸಿ ಮುಮತಾಜಬಿ ಸೀದಾ ಆಕಿ ಮುಂದ ಬಂದು ನಿಂತ್ಲು. ಉಡಿ ಬಿಚ್ಚಿದ್ಲು. ಸೀರಿ ಸೆರಗನ್ನ ಎರಡೂ ಕೈಲೆ ಹಿಡಿದು, ಶಂಕ್ರವ್ವನ ಕಣ್ಣಿಗೆ ಕಾಣೂವಂಗ, ಎರಡು ಸಲ ಕೊಡವಿದ್ಲು. ಆಮ್ಯಾಲ ಅಂಗೈ ಎರಡೂ ಮುಂದ ಚಾಚಿ ತೋರಿಸಿದ್ಲು. ಖಾಲಿ ಇದ್ವು.

"ಇದೇನು ಮುಮತಾಜ?" ಅಂದ್ಲು ಶಂಕ್ರವ್ವ. "ನಾ ಕೇಳೀನೇನು?"

"ಇಲ್ಲವ್ವ," ಅಂದ್ಲು ಆಕಿ. ಸಿಟ್ಟಿರಲಿಲ್ಲ, ಕುಹಕ ಇರಲಿಲ್ಲ. "ಈಗ ಎಲ್ಲಾರ ಹೊಲದಾಗೂ ಹಿಂಗ ಮಾಡ್ತೀನಿ. ರೂಢಿ ಆಗೇತಿ."

ಸೆರಗು ಹೊದ್ಕೊಂಡು ಬದು ದಾಟಿ ಹೋದ್ಲು. ಶಂಕ್ರವ್ವ ಚೀಲದ ಹಂತ್ಯಾಕ ನಿಂತಲ್ಲೇ ನಿಂತಿದ್ಲು. ಆ ತುದಿಯಿಂದ ಹಾಲಸಿದ್ದಪ್ಪ ಟ್ರ್ಯಾಕ್ಟರ್ ನಿಲ್ಲಿಸಿ ಬಂದು, "ಚೀಲ ಎಷ್ಟು ಉಳದ್ವು?" ಅಂದ.

ಆಕಿ ಎಣಸಲಿಲ್ಲ.